ಮುತ್ತಿನ ವ್ಯಾಪಾರಿಯ ದೀಪ

"ಗುರುಗಳೇ, ಒಬ್ಬನ ಕಣ್ಣು ನೋಡಿ ಅವನು ಕಳ್ಳನೋ ಅಲ್ಲವೋ ಎಂದು ಹೇಳಬಹುದಲ್ಲವೇ?" ಎಂದು ಶಿಷ್ಯ ನೀಲಕಂಠ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತಿದ್ದರು. "ಯಾರ ಕಣ್ಣು ನೋಡಿ ಬಂದೆಯಪ್ಪ?" ಎಂದರು.

"ಅಡುಗೆಯ ಮಡಿವಾಳಯ್ಯನದು. ಪೂಜೆಯ ಬೆಳ್ಳಿ ಬಟ್ಟಲು ಮೂರು ದಿನದಿಂದ ಕಾಣೆ. ಬಟ್ಟಲು ಎಲ್ಲಿ ಎಂದು ಕೇಳಿದ ಕೂಡಲೇ ಅವನ ಕಣ್ಣು ಅರಳಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇವತ್ತೇ ಅವನನ್ನು ಮಠದಿಂದ ಕಳಿಸಿಬಿಡಿ."

"ಆಹಾ, ಎಂಥ ಜಾಣ! ಕಳಿಸೋಣ. ಅವನಿಗೆ ಗಂಟು ಕಟ್ಟಲು ಎಷ್ಟು ಹೊತ್ತು ಬೇಕು? ಅದಕ್ಕೆ ಮೊದಲು ಒಂದು ಕತೆ ಕೇಳು. ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ಮುತ್ತಿನ ವ್ಯಾಪಾರಿ ಇದ್ದ. ಆ ಕಸುಬಿನಲ್ಲಿ ಯಾರೂ ಬಾಯಿಬಿಟ್ಟು ದರ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಕೈಗಳ ಮೇಲೆ ಒಂದು ಬಟ್ಟೆ ಹೊದಿಸಿ, ಒಳಗೆ ಬೆರಳು ಹಿಡಿದು ದರ ತಿಳಿಸುತ್ತಾರೆ. ಬೆರಳು ಸುಳ್ಳು ಹೇಳುತ್ತದೆ, ಮುಖವೂ ಸುಳ್ಳು ಹೇಳುತ್ತದೆ. ಆದರೆ ಮುತ್ತು ಮನಸ್ಸಿಗೆ ಹಿಡಿಸಿದರೆ ಕೊಳ್ಳುವವನ ಕಣ್ಣಪಾಪೆ, ಅದೇ ಕಣ್ಣಿನ ನಡುವಿನ ಆ ಕಪ್ಪು ಚುಕ್ಕೆ, ತುಸು ಹಿಗ್ಗುತ್ತದೆ. ಅದನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ಇದು ಆ ವ್ಯಾಪಾರಿಗೆ ಗೊತ್ತಿತ್ತು.

ಆದರೆ ನಮ್ಮ ಜನರ ಕಣ್ಣು ಕಪ್ಪು, ಪಾಪೆಯೂ ಕಪ್ಪು. ಕಪ್ಪಿನೊಳಗೆ ಕಪ್ಪನ್ನು ಹುಡುಕುವುದು ಹೇಗೆ? ವ್ಯಾಪಾರಿ ಹಟಮಾರಿ. ಕಿಟಕಿ ತೆರೆದಿಟ್ಟು ನೋಡಿದ, ಮೋಡ ಬಂದಾಗ ಒಂದು ಥರ, ಬಿಸಿಲು ಬಂದಾಗ ಇನ್ನೊಂದು ಥರ. ಕಿಟಕಿ ಮುಚ್ಚಿಸಿದ. ದೀಪವನ್ನು ಎದುರಿಗೆ ಇಟ್ಟ, ಅದರ ಹೊಳಪು ಪಾಪೆಯ ಮೇಲೇ ಕೂತು ಮರೆಮಾಡಿತು. ಮೇಲೆ ತೂಗುಹಾಕಿದ, ಹುಬ್ಬಿನ ನೆರಳು ಅಡ್ಡ ಬಂತು. ಕಡೆಗೆ ತಾನು ಕೂರುವ ಜಾಗದ ಬಲಗಡೆ, ಹೆಗಲಿಗಿಂತ ತುಸು ಹಿಂದೆ ದೀಪವಿಟ್ಟು, ಅದಕ್ಕೆ ತೆಳುವಾದ ಬಿಳಿ ಬಟ್ಟೆಯ ಮರೆ ಕಟ್ಟಿದ. ಆಗ ಪಾಪೆಯ ಅಂಚು ಗೆರೆ ಕೊರೆದಂತೆ ಕಂಡಿತು. ಅಂದಿನಿಂದ ಅದೇ ಎಣ್ಣೆ, ಅಷ್ಟೇ ದಪ್ಪದ ಬತ್ತಿ. ಬಂದವರು ಕೂರುವ ಮಣೆಯನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದ. ಅವರ ಕಣ್ಣು ಆ ಬೆಳಕಿಗೆ ಒಗ್ಗುವ ತನಕ ವೀಳ್ಯ ಕೊಟ್ಟು ಲೋಕಾಭಿರಾಮ ಮಾತಾಡುತ್ತಿದ್ದ. ಆಮೇಲೆ ಗೋಡೆಗೆ ಒರಗಿ, ಮುತ್ತು ತೋರಿಸಿ, ಸುಮ್ಮನೆ ನೋಡುತ್ತಿದ್ದ. ವ್ಯಾಪಾರ ಚೆನ್ನಾಗಿ ಕುದುರಿತು. ಅಲ್ಲಿಯವರೆಗೆ ಅವನದೇನೂ ತಪ್ಪಿಲ್ಲ.

ಒಂದು ದಿನ ಒಂದು ದೊಡ್ಡ ಮುತ್ತು ಕಾಣೆಯಾಯಿತು. ಮನೆಯೆಲ್ಲ ಹುಡುಕಿದ, ಸಿಗಲಿಲ್ಲ. "ನನ್ನ ಹತ್ತಿರ ದೀಪ ಇದೆ, ಕಳ್ಳ ಎಲ್ಲಿ ಹೋಗುತ್ತಾನೆ?" ಎಂದುಕೊಂಡ.

ಆ ಮನೆಯಲ್ಲಿ ಮುತ್ತು ಪೋಣಿಸುವ ಹೆಂಗಸೊಬ್ಬಳಿದ್ದಳು. ಗಂಡ ಸತ್ತವಳು, ಆ ಕೆಲಸವೇ ಅವಳ ಅನ್ನ. ಇಪ್ಪತ್ತು ವರ್ಷ ಆ ಮನೆಯ ಮುತ್ತೆಲ್ಲ ಅವಳ ಕೈಮೇಲೆ ಹೋಗಿತ್ತು. ಮೊದಲು ಅವಳನ್ನೇ ಮಣೆಯ ಮೇಲೆ ಕೂರಿಸಿದ.

"ಮುತ್ತು ತೆಗೆದೆಯಾ?"

"ಇಲ್ಲ ಒಡೆಯಾ, ದೇವರಾಣೆ."

ವ್ಯಾಪಾರಿ ಮುಂದಕ್ಕೆ ಬಾಗಿ ನೋಡಿದ. ಪಾಪೆ ಹಿಗ್ಗಿತ್ತು. ಇನ್ನೂ ಹತ್ತಿರ ಬಾಗಿದ. ಇನ್ನೂ ಹಿಗ್ಗಿತು. ಸಾಕ್ಷಿ ಸಿಕ್ಕಿತು! ಅವಳ ಮಾತೇ ಅವನ ಕಿವಿಗೆ ಬೀಳಲಿಲ್ಲ. ಅವಳನ್ನು ಅಂದೇ ಹೊರಗೆ ಹಾಕಿದ. ಮರುದಿನಕ್ಕೆ ಪೇಟೆಗೆಲ್ಲ ಸುದ್ದಿ. ಮುತ್ತಿನವರ ಬೀದಿಯಲ್ಲಿ ಅವಳಿಗೆ ಸೂಜಿ ಕೊಡುವವರು ಯಾರೂ ಉಳಿಯಲಿಲ್ಲ.

ಕಳ್ಳಿ ಸಿಕ್ಕಿದಳು, ಮುತ್ತು ಸಿಗಲಿಲ್ಲ. ಸಂಶಯ ಎನ್ನುವುದು ಒಬ್ಬರನ್ನು ತಿಂದು ತೇಗಿ ಮಲಗುವ ಪ್ರಾಣಿಯಲ್ಲ ನೋಡು. ವ್ಯಾಪಾರಿ ಗುಮಾಸ್ತನನ್ನು ಕೂರಿಸಿದ, ಪಾಪೆ ಹಿಗ್ಗಿತು. ತಮ್ಮನನ್ನು ಕೂರಿಸಿದ, ಹಿಗ್ಗಿತು. "ಅಯ್ಯೋ, ಎಲ್ಲರೂ ಸೇರಿ ನನ್ನನ್ನು ಮುಳುಗಿಸುತ್ತಿದ್ದಾರಲ್ಲ!" ಎಂದು ಅವನಿಗೆ ಅನ್ನ ಸೇರಲಿಲ್ಲ. ಹೆಂಡತಿ ಬಡಿಸಿದ ತಟ್ಟೆಯನ್ನೂ ಮೂಸಿ ನೋಡಿ ಉಣ್ಣತೊಡಗಿದ. ಕಡೆಗೆ ಅವಳನ್ನೂ ಆ ಕೋಣೆಗೆ ಕರೆದ.

ಅವಳು ಬಂದು ಕೂತಳು. ಅವನು ಬಾಗಿ ಕೇಳಿದ. ಅವಳು "ಇಲ್ಲ" ಎಂದಳು. ಅವನ ಮುಖ ಕಪ್ಪಿಟ್ಟಿತು.

"ಹಿಗ್ಗಿತೋ?" ಎಂದು ಅವಳೇ ಕೇಳಿದಳು.

"ಹಿಗ್ಗಿತು."

"ಹಾಗಾದರೆ ಈಗ ನನ್ನ ಹೆಸರು ಕೇಳಿ."

ಅವನು ಹಾಗೆಯೇ ಬಾಗಿಕೊಂಡು ಕೇಳಿದ. ಅವಳು ತನ್ನ ಹೆಸರು ಹೇಳಿದಳು. ಪಾಪೆ ಅಷ್ಟೇ ಅಗಲವಾಗಿ ನಿಂತಿತ್ತು.

"ಏನ್ರೀ, ನನ್ನ ಹೆಸರೂ ಸುಳ್ಳೇ? ಗಿರಾಕಿ ಬಂದರೆ ಗೋಡೆಗೆ ಒರಗಿ ಕೂರುತ್ತೀರಿ. ಮನೆಯವರು ಬಂದರೆ ಮೈಮೇಲೆ ಬೀಳುತ್ತೀರಿ. ನಿಮ್ಮ ತಲೆ ದೀಪಕ್ಕೆ ಅಡ್ಡ ಬಂದಿದೆ. ಕತ್ತಲಾದರೆ ಯಾರ ಕಣ್ಣು ತಾನೇ ಹಿಗ್ಗುವುದಿಲ್ಲ?"

ವ್ಯಾಪಾರಿ ಹಿಂದಕ್ಕೆ ಸರಿದ. ಬೆಳಕು ಅವಳ ಮುಖಕ್ಕೆ ಬಿತ್ತು. ಪಾಪೆ ಕುಗ್ಗಿತು. ಬಾಗಿದ, ಹಿಗ್ಗಿತು. ಮತ್ತೆ ಸರಿದ, ಮತ್ತೆ ಕುಗ್ಗಿತು. ಬತ್ತಿಯ ದಪ್ಪ ಅಳೆದಿದ್ದ, ಮಣೆಗೆ ಮೊಳೆ ಹೊಡೆಸಿದ್ದ, ತನ್ನನ್ನು ಮಾತ್ರ ಎಲ್ಲೂ ಕೂರಿಸಿರಲಿಲ್ಲ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

ಅವನು ಪೋಣಿಸುವ ಹೆಂಗಸನ್ನು ಹುಡುಕಿಕೊಂಡು ಹೊರಟ. ಅವಳು ಊರಾಚೆ ಕೆರೆಯ ದಂಡೆಯಲ್ಲಿ ಯಾರದೋ ಬಲೆಯ ಹರಕು ಹೊಲಿಯುತ್ತಿದ್ದಳು. ರೇಷ್ಮೆ ಎಳೆ ಹಿಡಿದ ಬೆರಳುಗಳು ಒರಟು ಹುರಿ ಎಳೆದು ಬಿರುಕುಬಿಟ್ಟಿದ್ದವು. ವ್ಯಾಪಾರಿ ಕೈಮುಗಿದು, "ತಪ್ಪಾಯಿತು ತಾಯಿ, ನಿನ್ನ ಕಣ್ಣನ್ನು ಸರಿಯಾಗಿ ನೋಡಲಿಲ್ಲ. ಬಾ, ಇನ್ನೊಮ್ಮೆ ದೂರ ಕೂತು ನೋಡುತ್ತೇನೆ. ನೀನು ಕಳ್ಳಿಯಲ್ಲ ಎಂದು ಊರಿಗೆಲ್ಲ ಸಾರುತ್ತೇನೆ" ಎಂದ.

ಅವಳು ಹೊಲಿಗೆ ನಿಲ್ಲಿಸದೆಯೇ ಹೇಳಿದಳು: "ಬೇಡ ಒಡೆಯಾ. ಇಪ್ಪತ್ತು ವರ್ಷ ನಿಮ್ಮ ಕಣ್ಣೆದುರಿಗೇ ಕೂತಿದ್ದೆ. ಆಗ ಕಾಣದ್ದು ಈಗ ಯಾವ ದೀಪದಲ್ಲಿ ಕಾಣುತ್ತದೆ?"

ಅವಳು ಹಿಂತಿರುಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನೀಲಕಂಠನಿಗೆ ತಡೆಯಲಾಗಲಿಲ್ಲ. ಜಗಲಿಯ ಮೇಲೆ ತೆವಳಿ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಅದೆಲ್ಲ ಸರಿ ಗುರುಗಳೇ, ಹಾಗಾದರೆ ಮುತ್ತು ಕದ್ದವರು ಯಾರು? ಆ ಹೆಂಡತಿಯೇ ಇರಬೇಕು ಅಲ್ಲವೇ?" ಎಂದ.

"ಸ್ವಲ್ಪ ಹಿಂದೆ ಸರಿದು ಕೂರಪ್ಪ, ನಿನ್ನ ನೆರಳು ಈಗ ನನ್ನ ಕಣ್ಣಿಗೇ ಬೀಳುತ್ತಿದೆ" ಎಂದರು ಗುರುಗಳು.