ತಗ್ಗಿದ ಹೆಗಲು

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಸಿದ್ಧಮಲ್ಲಜ್ಜನ ಬಳಿ ಫಕೀರಪ್ಪನೆಂಬ ಶಿಷ್ಯನಿದ್ದ.

ಒಂಟಿಕಾಲಲ್ಲಿ ನಿಂತು ಧ್ಯಾನ ಮಾಡುವುದು ಆ ಮಠದ ಸಾಧನೆ. ಫಕೀರಪ್ಪ ನಿಂತರೆ ನೆಟ್ಟ ಕಂಬ. ಗಾಳಿ ಬೀಸಿದರೂ ಅಲುಗುತ್ತಿರಲಿಲ್ಲ.

ಒಂದು ದಿನ ಊರಿಂದ ಸುದ್ದಿ ಬಂತು. ಅವನ ತಂಗಿ ನೀಲವ್ವ ಜ್ವರದಲ್ಲಿ ತೀರಿಕೊಂಡಿದ್ದಳು.

ಅವನು ಹೋದ. ಮಣ್ಣು ಕೊಟ್ಟ. ತಿರುಗಿ ಬಂದ.

"ದುಃಖ ಆತೇನಪಾ?" ಅಜ್ಜ ಕೇಳಿದ.

"ಸಾಧಕಗ ಎಂಥಾ ದುಃಖರಿ ಅಜ್ಜಾರ? ಬಂದವರು ಹೋಗೂದು ಇದ್ದದ್ದ."



ಮರುದಿನ ಬೆಳಿಗ್ಗೆ ಫಕೀರಪ್ಪ ಒಂಟಿಕಾಲಲ್ಲಿ ನಿಂತ. ಎಡಕ್ಕೆ ವಾಲಿ ಬಿದ್ದ.

ಎದ್ದು ನಿಂತ. ಎದೆ ಸೆಟೆಸಿದ, ಹಲ್ಲು ಕಚ್ಚಿದ, ಉಸಿರು ಬಿಗಿಹಿಡಿದ. ಈ ಸಲ ಇನ್ನೂ ಜೋರಾಗಿ ಬಿದ್ದ. ಕಲ್ಲಿಗೆ ತಾಗಿ ಮೊಣಕೈ ಕೆತ್ತಿಹೋಯಿತು. ಉಳಿದ ಶಿಷ್ಯರು ಮುಖ ಅತ್ತ ತಿರುಗಿಸಿದರು.

ಹೀಗೇ ಎಷ್ಟೋ ದಿನ ಹೋದವು. ಕೊನೆಗೆ ಅವನು ಅಜ್ಜನ ಮುಂದೆ ಬಂದು ನಿಂತ.

"ನನ್ನ ಕಾಲಾಗ ಶಕ್ತಿ ಉಳದಿಲ್ರಿ. ಮಠ ಬಿಟ್ಟು ಹೊಕ್ಕೀನಿ."

"ಹೋಗುವಿಯಂತ. ಮೊದಲ ಹೊಳಿಗೆ ಬಾ."

ಮಠದಿಂದ ಹೊಳೆಗಿಳಿಯುವ ಮೆಟ್ಟಿಲ ಬುಡದಲ್ಲಿ ನೀರು ಅಲುಗದೆ ನಿಂತಿತ್ತು.

"ಇದರಾಗ ನೋಡಿಕೋ," ಎಂದ ಅಜ್ಜ.

ಫಕೀರಪ್ಪ ಬಗ್ಗಿ ನೋಡಿದ. ಅವನ ಎಡಹೆಗಲು ಬಲಹೆಗಲಿಗಿಂತ ಕೆಳಗಿತ್ತು. ಎತ್ತಿದ. ತುಸು ಹೊತ್ತಿಗೆ ಅದು ತಾನಾಗಿಯೇ ತಗ್ಗಿತು. ಮತ್ತೆ ಎತ್ತಿದ. ಮತ್ತೆ ತಗ್ಗಿತು.

"ಯಾರ ಸಲುವಾಗಿ ತಗ್ಗಿಸಿದ್ದಿ ಅದನ್ನ?"

ಫಕೀರಪ್ಪ ಆ ಹೆಗಲನ್ನು ಕೈಯಿಂದ ಮುಟ್ಟಿ ನೋಡಿಕೊಂಡ.

"ನೀಲವ್ವನ ಒಂದು ಕಾಲು ಸೊಟ್ಟ ಇತ್ರಿ," ಎಂದ. "ಸಣ್ಣಾಕಿ ಇದ್ದಾಗಿಂದ ನನ್ನ ಎಡಹೆಗಲ ಹಿಡಕೊಂಡ ನಡೀತಿದ್ಳು. ಸಾಲಿಗೆ, ಹೊಲಕ್ಕ, ಎಲ್ಲಾ ಕಡೆ. ಆಕಿ ಗಿಡ್ಡಕಿದ್ಳು. ಕೈಗೆ ನಿಲುಕಲಿ ಅಂತ ನಾನು ಹಿಂಗ ಬಾಗತಿದ್ದೆ."

"ಆಮ್ಯಾಲ?"

"ನಾ ಮಠಕ್ಕ ಹೊಂಟಾಗ ಒಂದು ಹೊಸಾ ಕೋಲು ತೋರಿಸಿದ್ಳು. 'ನನಗ ಇದು ಸಾಕು, ನೀ ಹೋಗಣ್ಣಾ' ಅಂದ್ಳು. ನಗಕೋತ ಅಂದ್ಳು, ನಾನೂ ನಂಬಿದೆ."

ಅವನು ನೀರಿನ ಕಡೆ ನೋಡುತ್ತಲೇ ಮುಂದುವರಿಸಿದ.

"ಮಣ್ಣು ಕೊಟ್ಟು ಮನಿಗೆ ಬಂದೆ. ಕೋಲು ಮೂಲ್ಯಾಗ ಇತ್ರಿ. ಅದರ ತುದಿ ಸವದೇ ಇರಲಿಲ್ಲ. ಇಷ್ಟು ವರ್ಷ ಆಕಿ ಮನಿ ಹೊಚ್ಚಲಾ ದಾಟೇ ಇಲ್ಲ, ಅಜ್ಜಾರ."

ಅಷ್ಟು ಹೇಳಿ ಅವನು ಮರಳಿನ ಮೇಲೆ ಕುಸಿದ. ಹಣೆಯನ್ನು ಮೊಣಕಾಲಿಗೆ ಒತ್ತಿ, ದನಿ ತೆಗೆದು ಅತ್ತ.

ಅಜ್ಜ ಅವನ ಪಕ್ಕದಲ್ಲಿ ಕೂತ.

ಬಿಸಿಲು ಏರಿತು. ಅಳು ತಾನಾಗಿಯೇ ನಿಂತಿತು. ಫಕೀರಪ್ಪ ಮುಖ ತೊಳೆದುಕೊಂಡು ಎದ್ದ. ಉಸಿರು ಸಡಿಲಾಗಿತ್ತು, ಕಾಲುಗಳು ನೆಲದ ಮೇಲೆ ಗಟ್ಟಿಯಾಗಿ ಊರಿದ್ದವು. ಹೆಗಲು ಮಾತ್ರ ತಗ್ಗಿಯೇ ಇತ್ತು.

"ಇದನ್ನ ನೆಟ್ಟಗ ಮಾಡಿಕೊಳ್ಳೂದು ಹ್ಯಾಂಗ್ರಿ?" ಎಂದು ಕೇಳಿದ.

ಅಜ್ಜ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದ. ಮೇಲೆ ಮಠದ ತನಕ ಕಡಿದಾದ ಮೆಟ್ಟಿಲುಗಳಿದ್ದವು. ಆ ಕಡೆ ನೋಡಿ, ಶಿಷ್ಯನ ಎಡಹೆಗಲ ಮೇಲೆ ಕೈಯಿಟ್ಟು ಭಾರ ಬಿಟ್ಟ.

"ಎತ್ತಬ್ಯಾಡ, ಹಂಗ ಇರಲಿ. ನನಗೂ ನಿಲುಕಬೇಕಲ್ಲ."