ಕಾಣಿಸಿಕೊಂಡ ಹಾರ್ಡ್ ಡಿಸ್ಕ್

ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಮತ್ತು ಅದರ ಕೇಬಲ್ ಒಂಬತ್ತು ವರ್ಷದಿಂದ ಜೊತೆಗಿದ್ದವು. ಊರಿನ ಮದುವೆ, ನಾಮಕರಣಗಳ ಚಿತ್ರಗಳೆಲ್ಲ ಡಿಸ್ಕಿನಲ್ಲಿದ್ದವು. ಒಂದು ದಿನ ಹೊಸ ಆಪರೇಟಿಂಗ್ ಸಿಸ್ಟಮ್ ಹೊತ್ತ ಪೆನ್‌ಡ್ರೈವ್ ಬಂದು ಕುಳಿತು, "ಈ ಯಂತ್ರದಲ್ಲಿ ಡಿಸ್ಕೇ ಇಲ್ಲ," ಎಂದು ಸಾರಿತು.

ಡಿಸ್ಕಿಗೆ ಸಿಡಿಲು ಬಡಿದಂತಾಯಿತು. "ಇಷ್ಟು ವರ್ಷ ದುಡಿದ ನಾನು ಇಲ್ಲವೇ?"

"ನಾನೇ ಹಿಡಿತ ಸಡಿಲಿಸಿದ್ದೇನೆ," ಎಂದು ಕೇಬಲ್ ಪಿಸುಗುಟ್ಟಿತು. "ಅವನ ಕಣ್ಣಿಗೆ ಬಿದ್ದರೆ ಹೊಸ ಸಿಸ್ಟಮ್ ಹಾಕಲು ನಿನ್ನಲ್ಲಿರುವುದನ್ನೆಲ್ಲ ಅಳಿಸಿಬಿಡುತ್ತಾನೆ. ಸ್ಟುಡಿಯೋದವರು ಚಿತ್ರಗಳನ್ನು ಬೇರೆಡೆ ಇಳಿಸಿಕೊಳ್ಳುವವರೆಗೆ ಸುಮ್ಮನಿರು, ಮಾರಾಯ."

"ಈಗಷ್ಟೇ ಬಂದವನು ನನ್ನನ್ನು ಇಲ್ಲವೆಂದರೆ ಕೇಳಿಕೊಂಡಿರಲೇ? ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು. ಗಟ್ಟಿಯಾಗಿ ಹಿಡಿ."

ಆ ಮಾತು ಕೇಬಲ್ಲಿಗೆ ಚುಚ್ಚಿತು. ಅದು ಬಿಗಿಯಾಗಿ ಕುಳಿತುಕೊಂಡಿತು.

"ಓಹೋ, ಇಲ್ಲಿದ್ದೀರಾ," ಎಂದಿತು ಪೆನ್‌ಡ್ರೈವ್. ಡಿಸ್ಕ್ ಹೆಮ್ಮೆಯಿಂದ ತಿರುಗತೊಡಗಿತು. ಆ ಹೆಮ್ಮೆ ಇಳಿಯುವ ಮೊದಲೇ ಅಳಿಸುವ ಕೆಲಸ ಮುಗಿದುಹೋಗಿತ್ತು.

ಕೇಬಲ್ ಮೆಲ್ಲಗೆ ಕೇಳಿತು: "ಈಗ ಎಲ್ಲರಿಗೂ ಕಾಣಿಸುತ್ತಿದ್ದೀಯಲ್ಲ, ಸಮಾಧಾನವಾಯಿತೇ?"

ಡಿಸ್ಕ್ ಅದರತ್ತ ತಿರುಗಿ ವಿನಯದಿಂದ, "ಕ್ಷಮಿಸಿ, ತಾವು ಯಾರು?" ಎಂದಿತು.