ಬಳೆಗಾರನ ತಮ್ಮನಿಗೆ ಔಷಧಿ

"ಗುರುಗಳೇ, ಜ್ವರ ಬಂದರೆ ಕಷಾಯ ಕುಡಿಯುತ್ತೇವೆ. ಯಾರೂ ಏನೂ ಅನ್ನುವುದಿಲ್ಲ. ಮನಸ್ಸು ಮಂಕಾದರೆ ಬೇರು ನಾರು ತೇದು ಕುಡಿಯಬಹುದೇ? ಅದು ಸಾಧಕನಿಗೆ ಸೋಲಲ್ಲವೇ?"

ಹೀಗೆ ಕೇಳಿದವನು ಕೊಟ್ರೇಶ. ಮಠಕ್ಕೆ ಬಂದ ಹೊಸದರಲ್ಲಿ ಎಲ್ಲರಿಗಿಂತ ಮೊದಲು ಎದ್ದು ಅಂಗಳ ಗುಡಿಸುತ್ತಿದ್ದ ಶಿಷ್ಯ ಅವನು. ಈಚೆಗೆ ಎಬ್ಬಿಸಿದರೆ ಏಳುತ್ತಿದ್ದ, ಬಡಿಸಿದರೆ ಉಣ್ಣುತ್ತಿದ್ದ. ಎಲ್ಲ ಬಿಟ್ಟು ಊರಿಗೆ ಹೋಗಿಬಿಡಲೇ ಎಂದು ಒಳಗೊಳಗೇ ಯೋಚಿಸುತ್ತಿದ್ದ. ಸಂತೆಯಲ್ಲಿ ಯಾರೋ ಬೇರಿನ ಪುಡಿ ಮಾರುವುದನ್ನು ಕಂಡು ಹತ್ತಿರ ಹೋಗಿದ್ದ, ಕೇಳಲು ನಾಚಿಕೆಯಾಗಿ ಹಿಂದಿರುಗಿದ್ದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ಕುಳಿತುಕೋ, ಒಬ್ಬ ಬಳೆಗಾರನ ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಬಳೆಗಳನ್ನು ಪೋಣಿಸಿದ ಮಲಾರವನ್ನು ಹೆಗಲಿಗೇರಿಸಿಕೊಂಡು ಬೀದಿ ಬೀದಿ ತಿರುಗುವುದು ಅವನ ಕಸುಬು. ಅವನ ಕೂಗು ಕೇಳಿದರೆ ಹೆಂಗಸರು ಒಲೆಯ ಮೇಲಿನ ಹಾಲನ್ನೂ ಮರೆತು ಹೊರಗೆ ಬರುತ್ತಿದ್ದರು. ಕೈಯನ್ನು ಒಮ್ಮೆ ಹಿಡಿದರೆ ಸಾಕು, ಬಳೆಯ ಅಳತೆ ಅವನಿಗೆ ತಿಳಿಯುತ್ತಿತ್ತು. ಏನಾದರೊಂದು ತಮಾಷೆಯ ಮಾತು ಎತ್ತಿ, ಅವರು ನಗುತ್ತಿರುವಾಗಲೇ ಗೆಣ್ಣು ಒತ್ತಿ ಬಳೆ ದಾಟಿಸಿಬಿಡುತ್ತಿದ್ದ. ನೋವು ಯಾವಾಗ ಬಂತು, ಯಾವಾಗ ಹೋಯಿತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಂಥವನಿಗೆ ಒಂದು ವರ್ಷ ಮನಸ್ಸು ಸಪ್ಪಗಾಯಿತು. ಮನೆಯಲ್ಲಿ ಸಾವಾಗಿರಲಿಲ್ಲ, ಯಾರೊಂದಿಗೂ ಜಗಳವಾಗಿರಲಿಲ್ಲ. ಕಾರಣ ಒಂದು ಇದ್ದಿದ್ದರೆ ಅವನಿಗೇ ಸಮಾಧಾನವಾಗುತ್ತಿತ್ತು. ಕೆಲಸವನ್ನೇನೂ ಬಿಡಲಿಲ್ಲ. ಕೈ ತನ್ನ ಪಾಡಿಗೆ ಬಳೆ ತೊಡಿಸುತ್ತಿತ್ತು, ಬಾಯಿ ತನ್ನ ಪಾಡಿಗೆ ತಮಾಷೆ ಮಾಡುತ್ತಿತ್ತು. ಅವನಿಗೆ ಮಾತ್ರ ಊಟ ರುಚಿಸುತ್ತಿರಲಿಲ್ಲ, ಬೆಳಗಾದರೆ ಯಾಕಾದರೂ ಬೆಳಗಾಯಿತೋ ಅನ್ನಿಸುತ್ತಿತ್ತು.

ಆಗ ಅವನ ಒಬ್ಬಳೇ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಸೀಮಂತದ ದಿನ ಹಸಿರು ಬಳೆ ತೊಡಿಸಬೇಕು. ಊರಿನ ಹೆಣ್ಣುಮಕ್ಕಳಿಗೆಲ್ಲ ತೊಡಿಸುವ ಅಪ್ಪ ತನಗೂ ತೊಡಿಸುವ ದಿನಕ್ಕೆ ಅವಳು ಚಿಕ್ಕಂದಿನಿಂದ ಕಾದಿದ್ದಳು. ಅವನೂ ಕಾದಿದ್ದ. ಮಗಳ ಕೈ ಹಿಡಿದ. ಬಳೆಗಳು ಒಂದೊಂದಾಗಿ ಏರಿದವು. ಹೆಂಗಸರು ಹಾಡಿದರು, ಮಗಳು ಕಣ್ಣೊರೆಸಿಕೊಂಡಳು. ಅವನಿಗೆ ಏನೂ ಅನ್ನಿಸಲಿಲ್ಲ. ಕಂಬಕ್ಕೆ ಬಳೆ ತೊಡಿಸಿದಂತಿತ್ತು.

ಅವನು ಹೆದರಿದ. ನಾಳೆ ಮೊಮ್ಮಗುವನ್ನು ಕೈಗೆ ಕೊಟ್ಟಾಗಲೂ ಹೀಗೇ ಆದರೆ ಏನು ಗತಿ? ಮಗಳು ತನ್ನ ಮುಖವನ್ನೇ ನೋಡುತ್ತಿರುತ್ತಾಳೆ. ಆ ಮುಖದಲ್ಲಿ ಏನೂ ಇಲ್ಲದಿದ್ದರೆ ಅವಳ ಎದೆ ಏನಾದೀತು? ಈ ಭಯವೇ ಅವನನ್ನು ಪಕ್ಕದ ಊರಿನ ವೈದ್ಯರ ಬಾಗಿಲಿಗೆ ತಂದು ನಿಲ್ಲಿಸಿತು.

ಬಂದದ್ದೇನೋ ಬಂದ, ಹೇಳಲು ನಾಲಿಗೆ ಏಳಲಿಲ್ಲ. ಬಳೆ ಮಂಗಳದ ವಸ್ತು. ಒಡೆದ ಬಳೆಯನ್ನೂ ಒಡೆಯಿತು ಎನ್ನುವಂತಿಲ್ಲ, ಹೆಚ್ಚಿತು ಎನ್ನಬೇಕು. ಕೆಟ್ಟದ್ದನ್ನು ಬಾಯಲ್ಲಿ ಆಡದೆಯೇ ಅರ್ಧ ಆಯುಷ್ಯ ಕಳೆದವನು ಅವನು. ಬಳೆಗಾರನಿಗೇ ಮಂಕು ಹಿಡಿದಿದೆ ಎಂದು ಸುದ್ದಿಯಾದರೆ ಸೀಮಂತದ ಮನೆಗಳಿಗೆ ಯಾರು ಕರೆಯುತ್ತಾರೆ?

"ನನ್ನ ತಮ್ಮನಿಗೆ ಸ್ವಾಮಿ, ಯಾಕೋ ಮನಸ್ಸಿಗೆ ಬೇಸರ" ಎಂದ. ಅವನಿಗೆ ತಮ್ಮನೇ ಇರಲಿಲ್ಲ.

ಕಾಣದ ರೋಗಿಗೆ ಔಷಧಿ ಕೊಡುವುದು ವೈದ್ಯರಿಗೆ ಇಷ್ಟವಿರಲಿಲ್ಲ. ಕರೆದುಕೊಂಡು ಬಾ ಎಂದರು. ಹೊಲದಲ್ಲಿ ಕೆಲಸ, ಬಿಡುವಿಲ್ಲ ಎಂದು ಬಳೆಗಾರ ಗೋಗರೆದ. ಆಗ ವೈದ್ಯರು ಒಂದೊಂದಾಗಿ ಕೇಳತೊಡಗಿದರು. ಬಳೆಗಾರ ಒಂದೊಂದಾಗಿ ತಮ್ಮನನ್ನು ಹುಟ್ಟಿಸುತ್ತ ಹೋದ. ಹೇಗೂ ಹುಟ್ಟಿಸುವುದು, ಬಡಕಲಾಗಿ ಯಾಕೆ ಹುಟ್ಟಿಸಲಿ? ತಮ್ಮನಿಗೆ ಗಟ್ಟಿಮುಟ್ಟಾದ ಮೈ ಕೊಟ್ಟ, ಎಳೆಯ ವಯಸ್ಸು ಕೊಟ್ಟ, ಕಲ್ಲು ತಿಂದರೂ ಕರಗಿಸುವ ಹೊಟ್ಟೆ ಕೊಟ್ಟ. ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತಾನೆಯೇ ಎಂದು ವೈದ್ಯರು ಕೇಳಿದಾಗ, ಛೇ, ಅವನಿಗೇಕೆ ಔಷಧಿ ಎಂದುಬಿಟ್ಟ. ವೈದ್ಯರು ಅಂಥ ಆಳಿಗೆ ತಕ್ಕ ಬೇರಿನ ಪುಡಿ ಕಟ್ಟಿಕೊಟ್ಟರು.

ಬಳೆಗಾರನಿಗೆ ವಯಸ್ಸಾಗಿತ್ತು. ಎದೆ ಹಾರುತ್ತದೆಂದು ಪಟ್ಟಣದ ಡಾಕ್ಟರು ಕೊಟ್ಟ ಮಾತ್ರೆಯನ್ನು ದಿನವೂ ನುಂಗುತ್ತಿದ್ದ. ಅದರ ಜೊತೆಗೇ ಈ ಪುಡಿಯನ್ನೂ ಹಾಲಿಗೆ ಹಾಕಿ ಕುಡಿದ. ಬೇಸರ ಕದಲಲಿಲ್ಲ. ಬೇರು ತಾನೇ, ಏನು ಮಾಡೀತು ಎಂದು ಹೆಂಡತಿಯ ಕಣ್ಣು ತಪ್ಪಿಸಿ ಇನ್ನೂ ಒಂದಿಷ್ಟು ಕುಡಿದ. ಬೇರು ಮಾಡುವುದನ್ನೇ ಮಾಡಿತು. ಒಂದು ಬೆಳಿಗ್ಗೆ ಬೀದಿಯ ನಡುವೆ ಕೂಗು ಹಾಕಲು ಬಾಯಿ ತೆರೆದವನು ತಲೆ ಸುತ್ತಿ ದೊಪ್ಪನೆ ಬಿದ್ದ. ಮಲಾರವೂ ಬಿತ್ತು.

ಹೆಂಗಸರು ಓಡಿ ಬಂದು ನೀರು ಕುಡಿಸಿದರು. "ಅಯ್ಯೋ ನಮ್ಮಪ್ಪಾ, ಎಲ್ಲಾ ಹೆಚ್ಚಿ ಹೋದ್ವಲ್ಲೋ!" ಎಂದು ಒಬ್ಬಳು ಹಲುಬಿದಳು. ಅವನು ನೆಲದ ಮೇಲಿನ ಗಾಜನ್ನು ನೋಡಿದ. "ಒಡೆದ್ವು ತಾಯಿ. ಒಡೆದೇ ಹೋದ್ವು" ಎಂದ. ಆಕೆ ಬೆಚ್ಚಿಬಿದ್ದಳು. ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಆಡಿಬಿಟ್ಟ ಮೇಲೆ ಅವನಿಗೆ ಎದೆಯ ಮೇಲಿನ ಭಾರ ಯಾರೋ ಸ್ವಲ್ಪ ಸರಿಸಿದ ಹಾಗೆ ಅನ್ನಿಸಿತು. ತಲೆ ನೆಟ್ಟಗಾದೊಡನೆ, ಬರಿ ಹೆಗಲಲ್ಲಿ, ನೇರವಾಗಿ ವೈದ್ಯರಲ್ಲಿಗೆ ನಡೆದ.

"ನನಗೆ ತಮ್ಮ ಇಲ್ಲ ಸ್ವಾಮಿ. ಅವನು ನಾನೇ."

ವೈದ್ಯರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿನ್ನ ತಮ್ಮನಿಗೆ ನಾನು ಕೊಟ್ಟ ಔಷಧಿ ಸರಿಯಾಗಿಯೇ ಇತ್ತು. ಅವನು ಹುಟ್ಟಿದ್ದರೆ ಇಷ್ಟು ಹೊತ್ತಿಗೆ ಗುಣವಾಗುತ್ತಿದ್ದ" ಎಂದರು. ಆಮೇಲೆ ದನಿ ತಗ್ಗಿಸಿ, "ನೋಡದೆ ಕೊಟ್ಟದ್ದು ನನ್ನದೂ ತಪ್ಪೇ. ಎಲ್ಲಿ, ಕೈ ನೀಡು" ಎಂದರು.

ಬಳೆಗಾರ ಕೈ ನೀಡಿದ. ವೈದ್ಯರು ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದರು. ಊರವರ ಕೈಯನ್ನೆಲ್ಲ ತಾನು ಹಿಡಿದಿದ್ದ, ತನ್ನ ಕೈಯನ್ನು ಹೀಗೆ ಕೂತು ಹಿಡಿದವರು ಯಾರೂ ಇರಲಿಲ್ಲ. ಅವನಿಗೆ ಅಳು ಬಂತು. ಮಗಳ ಸೀಮಂತದಲ್ಲಿ ಬಾರದ ಅಳು ಯಾರದೋ ಮನೆಯ ಜಗಲಿಯಲ್ಲಿ ಬಂತು. ವೈದ್ಯರು ಅವಸರ ಮಾಡಲಿಲ್ಲ.

ಅಳು ನಿಂತ ಮೇಲೆ ಅವರು ಆ ಬೇರನ್ನು ನಿಲ್ಲಿಸಿದರು. ಬೇರೆ ಒಂದು ಎಲೆ ಕೊಟ್ಟು, ಡಾಕ್ಟರ ಮಾತ್ರೆ ಬಿಡಬೇಡ, ಮೊದಲು ಅವರಿಗೂ ಈ ಎಲೆಯನ್ನು ತೋರಿಸು, ಅವರು ಬೇಡವೆಂದರೆ ಬೇಡ ಎಂದರು. ಹೆಂಡತಿಗೆ ಹೇಳದೆ ಒಂದು ತುತ್ತೂ ತಿನ್ನಕೂಡದು ಎಂದು ಮಾತು ಪಡೆದರು. ಕಳಿಸಿಕೊಡುವಾಗ ಮತ್ತೆ ತಡೆದು ನಿಲ್ಲಿಸಿದರು. "ಇದು ತೆಳುವಾದ ಬೇಸರಕ್ಕೆ ಆಗುವ ಎಲೆ. ಬೇಸರ ದಟ್ಟವಾದರೆ, ಬದುಕೇ ಬೇಡ ಅನ್ನಿಸಿದರೆ, ಇದನ್ನು ನೆಚ್ಚಿಕೊಂಡು ಕೂರಬೇಡ. ಆಗಲೇ ಬಾ. ದೊಡ್ಡ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ."

ಡಾಕ್ಟರು ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ ಒಪ್ಪಿಕೊಂಡರು. ಹೆಂಡತಿ ಮೊದಲು ಬೈದಳು, ನನಗೆ ಹೇಳಲು ನಿಮಗೇನು ಧಾಡಿಯಾಗಿತ್ತು ಎಂದಳು, ಆಮೇಲೆ ಎಲೆ ಅರೆದು ಮಜ್ಜಿಗೆಯಲ್ಲಿ ಕಲಸಿ ಕೊಟ್ಟಳು. ಅವನು ಉಣ್ಣುವವರೆಗೂ ಎದುರಿಗೆ ಕೂತು ಅದೂ ಇದೂ ಮಾತಾಡಿದಳು. ಗುಣ ಒಮ್ಮೆಲೇ ಕಾಣಲಿಲ್ಲ. ಅವನು ಮತ್ತೆ ಮಲಾರ ಕಟ್ಟಿಕೊಂಡು ಹೊರಟ, ನಡುನಡುವೆ ಹೋಗಿ ವೈದ್ಯರಿಗೆ ಕೈ ತೋರಿಸಿ ಬಂದ.

ಒಂದು ದಿನ ಒಬ್ಬ ಹುಡುಗಿ ಮಲಾರದ ಬಳೆಯನ್ನೆಲ್ಲ ಬಿಚ್ಚಿಸಿ, ಒಂದೂ ಒಪ್ಪದೆ ಎದ್ದು ಹೋದಳು. ಬಳೆಗಾರ ದಡಬಡ ಮನೆಗೆ ಬಂದ. "ಇವತ್ತು ನನಗೆ ಸಿಟ್ಟು ಬಂತು ಕಣೇ!" ಎಂದು ಬಾಗಿಲಲ್ಲೇ ಕೂಗಿದ.

"ಅದಕ್ಕೇನು ಪಾಯಸ ಮಾಡ್ಲಾ?" ಎಂದಳು ಹೆಂಡತಿ. ಅವನ ಮುಖ ನೋಡಿ ನಿಜವಾಗಿಯೂ ಮಾಡಿದಳು. ಪಾಯಸ ಅವನಿಗೆ ಸಿಹಿಯಾಗಿತ್ತು.

ಮಗಳಿಗೆ ಹೆರಿಗೆಯಾಯಿತು. ಮೊಮ್ಮಗಳನ್ನು ಅವನ ಕೈಗೆ ಕೊಟ್ಟರು. ಅಭ್ಯಾಸಬಲ, ಅವನ ಬೆರಳು ತಾನಾಗಿಯೇ ಆ ಪುಟ್ಟ ಕೈಯ ಅಳತೆ ತೆಗೆಯಿತು. ಅಷ್ಟು ಚಿಕ್ಕ ಬಳೆ ಅವನಲ್ಲಿ ಇರಲಿಲ್ಲ. ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಮಲಗಿದ್ದ ಮಗಳು ಆ ಮುಖ ನೋಡಿ ತಾನೂ ನಕ್ಕಳು. ಆಮೇಲೂ ಕೆಲವು ದಿನ ಮಂಕು ಬರುತ್ತಿತ್ತು. ಅಂಥ ದಿನ ಅವನು ಅದನ್ನು ಯಾವ ತಮ್ಮನ ತಲೆಗೂ ಕಟ್ಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶ, "ಗುಣ ಮಾಡಿದ್ದು ಎಲೆಯೋ, ಹೇಳಿಕೊಂಡದ್ದೋ?" ಎಂದು ಕೇಳಿದ.

"ಅದನ್ನು ವಿಚಾರಿಸಲು ಬಳೆಗಾರನಿಗೆ ಪುರುಸೊತ್ತಿರಲಿಲ್ಲ. ಮೊಮ್ಮಗಳಿಗೆ ಬಳೆ ಹುಡುಕಬೇಕಿತ್ತು."

"ಅವನು ಸಂಸಾರಿ, ಗುರುಗಳೇ. ಜಪ ತಪ ಇರುವವರಿಗೂ ಇದೆಲ್ಲ ಬೇಕೇ?"

ಗುರುಗಳು ಹೇಳಿದರು: "ಕೆಲವು ತಿಂಗಳಿಂದ ನನಗೂ ಜಪದಲ್ಲಿ ರುಚಿಯಿಲ್ಲ, ನಾಳೆ ವೈದ್ಯರಲ್ಲಿಗೆ ಹೊರಟಿದ್ದೇನೆ, ಜೊತೆಗೆ ಬರುತ್ತೀಯಾ?"